ಕೋನಪ್ಪನವರ ಕೆಂಪು ಕಾರ್ಡು

ವೆಂಕಟರವಣಪ್ಪನವರು ಹೆಣದ ಪಕ್ಕ ಮಂಡಿಯೂರಿ ಕುಳಿತು ಉಡಿದಾರದ ಗಂಟು ಬಿಚ್ಚಲು ಪರದಾಡುತ್ತಿದ್ದರು. ದಾರಕ್ಕೆ ಶಿಡ್ಲಘಟ್ಟದ ಗ್ರಂಥಾಲಯದ ಬೀಗದ ಕೈ ಕಟ್ಟಿತ್ತು. ಹದಿನೇಳು ವರ್ಷ ಅಲ್ಲೇ ಇದ್ದ ಗಂಟು ಬೆವರು, ಎಣ್ಣೆ ಕುಡಿದು ಕಲ್ಲಾಗಿತ್ತು.

"ಉಗುರಿಗೆ ಬಗ್ಗೋ ಗಂಟಲ್ಲ ಅದು. ಬ್ಲೇಡು ತರ್ತೀನಿ ಇರಿ," ಎಂದ ಮುನಿಶಾಮಪ್ಪ. ಆತ ಸತ್ತವರ ಹೆಂಡತಿ ಅಕ್ಕಯಮ್ಮನ ಅಣ್ಣ. ಬೆಳಗಿನಿಂದ ಬಿದಿರು, ಹಗ್ಗ, ಹೂವು ಎಂದು ಓಡಾಡುತ್ತ, ಎಲ್ಲರಿಗೂ ಅಪ್ಪಣೆ ಕೊಡುತ್ತ ಇದ್ದ.

"ಬ್ಲೇಡು ಬೇಡ. ಕೋನಪ್ಪಣ್ಣ ಯಾವತ್ತೂ ದಾರ ಕತ್ತರಿಸಿದೋನಲ್ಲ," ಎಂದರು ವೆಂಕಟರವಣಪ್ಪ. ಅದು ನಿಜವೇ. ಬೆಂಗಳೂರಿನಿಂದ ಪುಸ್ತಕದ ಪಾರ್ಸೆಲು ಬಂದರೆ ಕೋನಪ್ಪನವರು ಗಂಟನ್ನು ಬಿಚ್ಚಿ, ದಾರವನ್ನು ಬೆರಳಿಗೆ ಸುತ್ತಿ ಎತ್ತಿಡುತ್ತಿದ್ದರು. ಆಮೇಲೆ ಹರಿದ ಪುಸ್ತಕ ಹೊಲಿಯಲು ಅದೇ ದಾರ.

ಬಾಗಿಲ ಬಳಿ ನಿಂತಿದ್ದ ಶ್ಯಾಮಲಮ್ಮ ಮುಜುಗರದಿಂದ ಸೆರಗು ಸರಿಮಾಡಿಕೊಂಡಳು. ಇಪ್ಪತ್ತಾರು ವರ್ಷದ ಆಕೆ ಈಗ ಆ ಗ್ರಂಥಾಲಯದ ಮುಖ್ಯಸ್ಥೆ. ಐವತ್ತೆಂಟರ ಕೋನಪ್ಪನವರು ಎರಡು ವರ್ಷದಿಂದ ಆಕೆಯ ಕೈಕೆಳಗೆ ಅಟೆಂಡರು.

"ಅರ್ಜೆಂಟಿಲ್ಲ ಸಾರ್. ಇರೋದು ಅದೊಂದೇ ಕೀ, ಅದಕ್ಕೇ. ನಾನು ಯಾವತ್ತೂ ಅವರನ್ನ ಕೇಳ್ಲಿಲ್ಲ. ಕೇಳೋಕೆ ಬಾಯೇ ಬರ್ಲಿಲ್ಲ."

ಗ್ರಂಥಪಾಲಕರು ಸಾವಿನ ಮನೆಯಲ್ಲೂ ಗಟ್ಟಿಯಾಗಿ ಮಾತನಾಡುವುದಿಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು ಕಡೆಗಳಿಂದ ಬಂದಿದ್ದ ಐದಾರು ಮಂದಿ ಗೋಡೆಗೆ ಒರಗಿ ಪಿಸುಪಿಸು ಎನ್ನುತ್ತಿದ್ದರು. ಮುನಿಶಾಮಪ್ಪನಿಗೆ ಆ ಅಭ್ಯಾಸವಿರಲಿಲ್ಲ.

"ಏನು ರವಣಪ್ಪನೋರೇ, ತಾನೇ ಕಟ್ಟಿದ ಲೈಬ್ರರೀಲಿ ಬೆಂಚು ಒರೆಸ್ಕೊಂಡು ಸತ್ತ ನಮ್ಮ ಭಾವ," ಎಂದ ಎಲ್ಲರಿಗೂ ಕೇಳುವಂತೆ. "ಟ್ರೈನಿಂಗಿಗೆ ಎಂಟು ಜನಾನ ಕಳಿಸಿದ್ರಂತೆ, ಇವನನ್ನ ಬಿಟ್ರಂತೆ. ಇವನ ಕೈಲಿ ಆಗಲ್ಲ ಅಂತ ಅವರಿಗೆ ಗೊತ್ತಾಗಿರ್ಬೇಕು. ಪೋನೀಲೇ, ಹೋಗ್ಲಿ ಬಿಡಿ, ಹೋದೋನ ಮಾತು ಯಾಕೆ."

ಅಕ್ಕಯಮ್ಮ ತಲೆ ಎತ್ತಿದಳು. ಬೆಳಗಿನಿಂದ ಅತ್ತು ಅವಳ ಗಂಟಲು ಬಿದ್ದುಹೋಗಿತ್ತು.

"ರವಣಪ್ಪ, ನೀನೇ ಸಂಘದ ಕಾರ್ಯದರ್ಶಿ. ಆರು ವರ್ಷದಿಂದ ಕೇಳಬೇಕು ಅಂತಿದ್ದೆ, ಅವರು ಬಿಡ್ಲಿಲ್ಲ. ಇವರಲ್ಲಿ ಏನಪ್ಪಾ ಕಮ್ಮಿಯಾಗಿತ್ತು?"

"ಏನೂ ಕಮ್ಮಿ ಇರ್ಲಿಲ್ಲ ಅತ್ತಿಗಮ್ಮ."

"ಮತ್ತ್ಯಾಕೆ ಬಿಟ್ರಿ?"

ಅಷ್ಟರಲ್ಲಿ ಗಂಟು ಸಡಿಲಿತು. ವೆಂಕಟರವಣಪ್ಪನವರು ಬೀಗದ ಕೈಯನ್ನು ಎತ್ತಿಕೊಂಡು ಎದ್ದರು. ಆ ಪ್ರಶ್ನೆಗೆ ಉತ್ತರ ಗೊತ್ತಿದ್ದವರು ಭೂಮಿಯ ಮೇಲೆ ಅವರೊಬ್ಬರೇ. ಮಲಗಿದ್ದವರಿಗೂ ಗೊತ್ತಿತ್ತೋ ಏನೋ, ಅದೇ ಆರು ವರ್ಷದಿಂದ ವೆಂಕಟರವಣಪ್ಪನವರನ್ನು ಕೊರೆಯುತ್ತಿತ್ತು.

*

ಸುತ್ತಿನ ನಾಲ್ಕು ತಾಲ್ಲೂಕುಗಳ ಗ್ರಂಥಪಾಲಕರ ಸಂಘವೆಂದರೆ ಚಿಂತಾಮಣಿಯ ವಾಚನಾಲಯದ ಹಿಂದಿನ ಕೋಣೆ, ಒಂದು ಮೇಜು, ಒಂದು ಮರದ ತಟ್ಟೆ. ತಟ್ಟೆಯಲ್ಲಿ ಸದಸ್ಯರ ಕಾರ್ಡುಗಳು, ಸೇರಿದ ಕ್ರಮದಲ್ಲಿ ಜೋಡಿಸಿಟ್ಟವು. ಕೊನೆಗೆ ಒಂದು ಎತ್ತರದ ಕೆಂಪು ಕಾರ್ಡು. ಅದರ ಮೇಲೆ ವೆಂಕಟರವಣಪ್ಪನವರ ದುಂಡಕ್ಷರದಲ್ಲಿ 'ಅಗಲಿದವರು' ಎಂದು ಬರೆದಿತ್ತು. ಯಾರಾದರೂ ತೀರಿಕೊಂಡರೆ ಅವರ ಕಾರ್ಡನ್ನು ಕಿತ್ತು ಕೆಂಪು ಕಾರ್ಡಿನ ಹಿಂದಕ್ಕೆ ಹಾಕುವುದು ಪದ್ಧತಿ.

ತಿಂಗಳಿಗೊಮ್ಮೆ ಸಂಘದ ಸುದ್ದಿಪತ್ರ ಹೊರಡುತ್ತಿತ್ತು. ಎಲ್ಲಿ ಹೊಸ ಕಪಾಟು ಬಂತು, ಗೆದ್ದಲಿಗೆ ಏನು ಮದ್ದು, ಹರಿದ ಬೆನ್ನಿಗೆ ಬಟ್ಟೆ ಅಂಟಿಸುವುದು ಹೇಗೆ ಎಂಬಂಥ ನಾಲ್ಕು ಪುಟ. ಸೈಕ್ಲೋಸ್ಟೈಲ್ ಮಾಡಿ, ಕೆಂಪು ಕಾರ್ಡಿನ ಮುಂದಿದ್ದವರಿಗೆಲ್ಲ ಅಂಚೆಗೆ ಹಾಕುತ್ತಿದ್ದರು. ಹಿಂದಿದ್ದವರಿಗೆ ಕಳಿಸುವ ಮಾತೇ ಇರಲಿಲ್ಲ.

೧೯೬೨ರ ಮಾರ್ಚಿನಲ್ಲಿ ಗೌರಿಬಿದನೂರಿನ ಆವುಲಪ್ಪ ತೀರಿಕೊಂಡರು. ಮಣ್ಣಿಗೆ ಹೋಗಿ ಬಂದ ವೆಂಕಟರವಣಪ್ಪನವರು ಸ್ನಾನ ಮಾಡಿ, ಆವುಲಪ್ಪನವರ ಕಾರ್ಡನ್ನು ಹಿಂದಕ್ಕೆ ಹಾಕಿದರು. ವಿಳಾಸದ ಚೀಟಿ ಅಂಟಿಸಿದ ಮೈದಾ ಗೋಂದು ಕಾರ್ಡಿನ ಅಂಚಿನಲ್ಲಿ ಉಕ್ಕಿ, ಅದರ ಬೆನ್ನಿಗೆ ಪಕ್ಕದ ಕಾರ್ಡು ಅಂಟಿಕೊಂಡಿತ್ತು. ಅವರು ನೋಡಲಿಲ್ಲ. ಒಂದು ಕಾರ್ಡು ಹೋಗಬೇಕಾದ ಕಡೆ ಎರಡು ಹೋದವು. ಎರಡನೆಯದು ಕೋನಪ್ಪನವರದು, ಇಬ್ಬರೂ ಸಂಘಕ್ಕೆ ಸೇರಿದ್ದು ಒಂದೇ ದಿನ.

ಏಪ್ರಿಲಿನಲ್ಲಿ ಬೆಂಗಳೂರಿನಿಂದ ಕಾಗದ ಬಂತು. ಗ್ರಂಥಪಾಲಕರಿಗೆ ಎರಡು ತಿಂಗಳ ತರಬೇತಿ, ಹಿರಿತನದ ಪ್ರಕಾರ ಎಂಟು ಹೆಸರು ಕಳಿಸಿ ಎಂದು. ವೆಂಕಟರವಣಪ್ಪನವರು ಮುಂದಿನಿಂದ ಕಾರ್ಡು ಮಗುಚುತ್ತ ಎಂಟು ಹೆಸರು ಬರೆದರು. ಮೂರನೆಯದಾಗಿ ಬರಬೇಕಿದ್ದ ಹೆಸರು ಬರಲಿಲ್ಲ. ಏನೋ ಒಂದು ಕಸಿವಿಸಿಯಾಯಿತು, ಆದರೆ ಅಂಚೆ ಕಟ್ಟುವ ಹೊತ್ತಾಗಿತ್ತು. ಮೇ ತಿಂಗಳ ಸುದ್ದಿಪತ್ರದಲ್ಲಿ ಆ ಎಂಟು ಹೆಸರು ಅಚ್ಚಾದವು.

ಜೂನ್ ಕೊನೆಯ ವಾರ ಕೋನಪ್ಪನವರು ಬಸ್ಸಿಳಿದು ನೇರ ಕೋಣೆಗೆ ಬಂದರು. ಜುಬ್ಬದ ಜೇಬಿನಲ್ಲಿ ಎಂದಿನಂತೆ ರಬ್ಬರು. ಓದುಗರು ಪುಸ್ತಕದಲ್ಲಿ ಎಳೆದ ಪೆನ್ಸಿಲ್ ಗೆರೆಗಳನ್ನು ಅಳಿಸುವುದು ಅವರ ದಿನದ ಕೊನೆಯ ಕೆಲಸ.

"ಮೂರು ತಿಂಗಳಿಂದ ಸುದ್ದಿಪತ್ರ ಬರ್ತಿಲ್ಲ ರವಣಪ್ಪ. ನನ್ನಿಂದ ಏನಾದ್ರೂ ತಪ್ಪಾಯ್ತಾ?"

"ಎಲ್ಲಾದ್ರೂ ಉಂಟೇ ಅಣ್ಣಾ, ಇರು ನೋಡ್ತೀನಿ."

ಮುಂದೆಲ್ಲ ಹುಡುಕಿದರು, ಇರಲಿಲ್ಲ. ಆಮೇಲೆ ಕೆಂಪು ಕಾರ್ಡಿನ ಹಿಂದೆ ಕೈ ಹೋಯಿತು. ಆವುಲಪ್ಪನವರ ಬೆನ್ನಿಗೆ ಕೋನಪ್ಪನವರು ಅಂಟಿಕೊಂಡಿದ್ದರು. ವೆಂಕಟರವಣಪ್ಪನವರ ಕಿವಿ ಬಿಸಿಯಾಯಿತು. ಗಡಿಬಿಡಿಯಲ್ಲಿ ಎಳೆದ ರಭಸಕ್ಕೆ ಕೆಂಪು ಕಾರ್ಡೂ ಎದ್ದು ಮೇಜಿನ ಆಚೆಗೆ, ಕೋನಪ್ಪನವರ ಕಡೆ ಬಿತ್ತು.

"ಇಲ್ಲೇ ಐತಲ್ಲಣ್ಣ. ಅಂಚೆಯವರು ಎಲ್ಲೋ ಕಳೆದಿರ್ಬೇಕು."

"ಇರ್ಬೇಕು," ಎಂದರು ಕೋನಪ್ಪ. ಸ್ವಲ್ಪ ಹೊತ್ತು ತಟ್ಟೆಯನ್ನು ನೋಡಿದರು. "ಟ್ರೈನಿಂಗಿಗೆ ಹೆಸರು ಹೋದ್ವಂತೆ?"

"ಈ ಸಲ ಎಂಟೇ ಜನ. ಬರೋ ವರ್ಷ ನಿಂದೇ ಮೊದಲ್ನೇ ಹೆಸರು."

ತರಗತಿ ಶುರುವಾಗಲು ಇನ್ನೂ ಹತ್ತು ದಿನವಿತ್ತು. ಒಂದು ತಂತಿ ಕೊಟ್ಟಿದ್ದರೆ ಸಾಕಿತ್ತು. ಆದರೆ ತಂತಿಯಲ್ಲಿ ಏನೆಂದು ಬರೆಯುವುದು? ಬದುಕಿದ್ದವರನ್ನು ಸತ್ತವರಲ್ಲಿ ಸೇರಿಸಿದ್ದೆ ಎಂದು ಬರೆಯಬೇಕಿತ್ತು. ಆ ತಿಂಗಳು ಚಿಕ್ಕಬಳ್ಳಾಪುರದ ಸಮ್ಮೇಳನದಲ್ಲಿ 'ಕಾರ್ಡು ಜೋಡಣೆಯಲ್ಲಿ ಎಚ್ಚರ' ಎಂಬ ಭಾಷಣ ಬೇರೆ ಅವರದೇ ಆಗಿತ್ತು. ತಂತಿ ಹೋಗಲಿಲ್ಲ, ಭಾಷಣ ಆಯಿತು. ಮುಂದಿನ ಸಾಲಲ್ಲೇ ಕುಳಿತಿದ್ದ ಕೋನಪ್ಪನವರು ಚಪ್ಪಾಳೆ ತಟ್ಟಿದರು.

ಮರುವರ್ಷ ತರಬೇತಿಗೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕೆಂಬ ನಿಯಮ ಬಂತು. ಕೋನಪ್ಪನವರ ಓದು ಅಲ್ಲಿಯವರೆಗೆ ಹೋಗಿರಲಿಲ್ಲ. ಅದಾದ ಮೇಲೆ ಹೊಸ ಕಾನೂನು ಬಂದು ಗ್ರಂಥಾಲಯಗಳು ಸರ್ಕಾರದ ವಶವಾದವು. ತರಬೇತಾದವರಿಗೆ ಕುರ್ಚಿ ಸಿಕ್ಕಿತು. ರೇಷ್ಮೆಗೂಡಿನ ಮಂಡಿಯವರ ಬೆನ್ನು ಬಿದ್ದು ಕಪಾಟು ಗಿಟ್ಟಿಸಿ ಆ ಗ್ರಂಥಾಲಯ ಶುರುಮಾಡಿದ್ದ ಕೋನಪ್ಪನವರಿಗೆ ಖಾಕಿ ಅಂಗಿ ಸಿಕ್ಕಿತು. ವೆಂಕಟರವಣಪ್ಪನವರು ಅಂದಿನಿಂದ ಶಿಡ್ಲಘಟ್ಟದ ಮೇಲೆ ಹಾದುಹೋದರೂ ಬಸ್ಸಿಳಿಯುತ್ತಿರಲಿಲ್ಲ.

ಆ ದಿನ ಬಿದ್ದ ಕೆಂಪು ಕಾರ್ಡು ಮಾತ್ರ ಆಮೇಲೆ ಎಷ್ಟು ಹುಡುಕಿದರೂ ಸಿಗಲಿಲ್ಲ. ಕಸದ ಜೊತೆ ಹೋಯಿತೆಂದುಕೊಂಡು ಇನ್ನೊಂದನ್ನು ಕತ್ತರಿಸಿ ಬರೆದಿಟ್ಟರು.

*

ತಮಟೆ ಮುಂದೆ, ಚಟ್ಟ ಹಿಂದೆ. ಹುರಿಗಾಳು ಮಾರುವವನೊಬ್ಬ ನಡೆಯುತ್ತ ನೆನೆದುಕೊಂಡ: "ಒಂದ್ಸಲ ಪುಸ್ತಕದಲ್ಲಿ ಗೆರೆ ಎಳೆದಿದ್ದೆ ಅಂತ ಮನೆವರೆಗೂ ಬಂದಿದ್ದ ಕಣಪ್ಪ ಪುಣ್ಯಾತ್ಮ. ಬಯ್ಯಲಿಲ್ಲ. ಜಗಲಿ ಮೇಲೆ ಕೂತು, ನನ್ನೆದುರಿಗೇ ಅಳಿಸಿ, ನೀರು ಕುಡಿದು ಹೋದ."

ಗುಂಡಿಗೆ ಇಳಿಸಿದರು. ಎಲ್ಲರಂತೆ ವೆಂಕಟರವಣಪ್ಪನವರೂ ಮೂರು ಹಿಡಿ ಮಣ್ಣು ಹಾಕಿದರು. ಇನ್ನು ಯಾರೂ ಕೇಳುವುದಿಲ್ಲ ಎಂದು ಒಳಗೊಳಗೇ ಸಮಾಧಾನವಾಯಿತು. ಸಮಾಧಾನವಾದದ್ದಕ್ಕೆ ತಮ್ಮ ಮೇಲೆ ತಮಗೇ ಹೇಸಿಗೆಯೂ ಆಯಿತು.

ಮನೆಗೆ ಬಂದು, ಕಾಲು ತೊಳೆದು, ದೀಪ ನೋಡಿ ಎಲ್ಲರೂ ಕುಳಿತರು. ಮೂರೂವರೆಯ ಬಸ್ಸಿಗೆ ಹೊರಡೋಣವೆಂದು ವೆಂಕಟರವಣಪ್ಪನವರು ಚಪ್ಪಲಿ ಮೆಟ್ಟುವಷ್ಟರಲ್ಲಿ ಅಕ್ಕಯಮ್ಮ ಟ್ರಂಕಿನಿಂದ ಒಂದು ದಪ್ಪ ಪುಸ್ತಕ ತಂದಳು.

"ಇದನ್ನ ಲೈಬ್ರರಿಗೆ ಕೊಟ್ಟುಬಿಡು ಅಂದಿದ್ರು. ನಿಮ್ಮ ಸಂಘದ್ದಂತೆ. ಒಂದ್ಸಲ ನೋಡಪ್ಪ, ನನಗೆ ಓದಕ್ಕೆ ಬರಲ್ಲ."

ಹತ್ತು ವರ್ಷದ ಸುದ್ದಿಪತ್ರಗಳು. ಪಾರ್ಸೆಲಿನ ದಾರದಲ್ಲಿ ಹೊಲಿದು, ಖಾಕಿ ಬಟ್ಟೆಯ ಬೆನ್ನು ಕೂರಿಸಿದ್ದರು. ಶ್ಯಾಮಲಮ್ಮ ಪಕ್ಕಕ್ಕೆ ಬಂದು ಬಗ್ಗಿ ನೋಡಿದಳು. "ಎಷ್ಟು ನೀಟಾಗಿ ಬೈಂಡ್ ಮಾಡಿದಾರೆ ಸಾರ್!"

ವೆಂಕಟರವಣಪ್ಪನವರು ೧೯೬೨ಕ್ಕೆ ಪುಟ ತಿರುವಿದರು. ತಿರುವದೆ ಇರಲು ಆಗಲಿಲ್ಲ. ಮಾರ್ಚಿನ ಸಂಚಿಕೆ ಮುಗಿದು, ಏಪ್ರಿಲಿನದು ಶುರುವಾಗುವ ಕಡೆ ಕೆಂಪು ಕಾರ್ಡು ಹೊಲಿದಿತ್ತು. 'ಅಗಲಿದವರು.' ಅವರದೇ ದುಂಡಕ್ಷರ.

ಅದರ ಹಿಂದೆ ಏಪ್ರಿಲ್, ಮೇ, ಜೂನ್ ಸಂಚಿಕೆಗಳು. ಮೂರನ್ನೂ ಕೋನಪ್ಪನವರು ಕೈಯಲ್ಲೇ ಬರೆದಿದ್ದರು. ಅಡಿಯಲ್ಲಿ ಸಣ್ಣಗೆ: 'ಮೂಲ ಪ್ರತಿ ಬಂದಿಲ್ಲ. ಚಿಕ್ಕಬಳ್ಳಾಪುರದ ಪ್ರತಿ ನೋಡಿ ನಕಲು ಮಾಡಿದೆ.' ತರಬೇತಿಗೆ ಹೋದವರ ಎಂಟು ಹೆಸರೂ ಇದ್ದವು, ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಜುಲೈಯಿಂದ ಮತ್ತೆ ಅಚ್ಚಿನ ಹಾಳೆ.

"ಆ ಕೆಂಪಗಿರೋದು ಏನು ಅಂತ ಒಂದ್ಸಲ ಕೇಳಿದ್ದೆ," ಎಂದಳು ಅಕ್ಕಯಮ್ಮ. "ನಕ್ಕುಬಿಟ್ರು. ಮೂರು ತಿಂಗಳು ನಾನು ಊರಲ್ಲಿರ್ಲಿಲ್ಲ ಕಣೇ, ಉಳಿದಿದ್ದನ್ನ ನಾನು ಹೋದ್ಮೇಲೆ ರವಣಪ್ಪನ್ನ ಕೇಳು ಅಂದ್ರು. ಅದೇನಪ್ಪಾ ಅದು?"

ವೆಂಕಟರವಣಪ್ಪನವರು ಚಪ್ಪಲಿ ಬಿಟ್ಟು ಮತ್ತೆ ನೆಲದ ಮೇಲೆ ಕುಳಿತರು. ಗೋಡೆಗೆ ಒರಗಿದ್ದ ಗ್ರಂಥಪಾಲಕರು ಹತ್ತಿರ ಸರಿದರು.

"ಅತ್ತಿಗಮ್ಮ, ಇದು ನನ್ನ ಕೈಬರಹ. ಸತ್ತೋರ ಕಾರ್ಡು ಇದರ ಹಿಂದೆ ಇಡ್ತೀವಿ. ಆವುಲಪ್ಪ ಸತ್ತಾಗ ಕೋನಪ್ಪಣ್ಣನ ಕಾರ್ಡನ್ನೂ ಸೇರಿಸಿ ಹಿಂದಕ್ಕೆ ಹಾಕ್ಬಿಟ್ಟೆ, ಗೊತ್ತಾಗ್ಲಿಲ್ಲ. ಅದಕ್ಕೇ ಟ್ರೈನಿಂಗಿಗೆ ಇವರ ಹೆಸರು ಹೋಗ್ಲಿಲ್ಲ. ಯಾರೂ ಇವರನ್ನ ಬೇಡ ಅಂದಿಲ್ಲ. ಹಿರಿತನದಲ್ಲಿ ಮೂರನೇ ಹೆಸರು ಇವರದು."

"ಆಮೇಲಾದ್ರೂ ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು."

"ಟೈಮಿತ್ತಾ?"

"ಹತ್ತು ದಿನ ಇತ್ತು. ನನಗೆ ನಾಚಿಕೆಯಾಯ್ತು, ಸುಮ್ಮನಾಗ್ಬಿಟ್ಟೆ. ಅಂಚೆಯವರ ಮೇಲೆ ಹಾಕಿದೆ. ಅವರಿಗೆ ಗೊತ್ತಿದೆಯೋ ಇಲ್ವೋ ಅಂತ ಇವತ್ತಿನವರೆಗೂ ಕೊರೀತಿತ್ತು."

ಅಕ್ಕಯಮ್ಮ ಕ್ಷಮಿಸಿದೆ ಎನ್ನಲಿಲ್ಲ, ಶಪಿಸಲೂ ಇಲ್ಲ. ಆಮೇಲೆ ಬಿದ್ದುಹೋದ ಗಂಟಲನ್ನೇ ಏರಿಸಿ ಅಣ್ಣನ ಕಡೆ ತಿರುಗಿದಳು.

"ಕೇಳಿಸ್ಕೊಂಡ್ಯಾ ಅಣ್ಣಾ? ಮೂರನೇ ಹೆಸರಂತೆ."

ಮುನಿಶಾಮಪ್ಪ ಹೆಗಲ ಮೇಲಿನ ಟವಲು ತೆಗೆದು ಮುಖ ಒರೆಸಿಕೊಂಡ.

ವೆಂಕಟರವಣಪ್ಪನವರು ಜೇಬಿನಿಂದ ಪೆನ್ನು ತೆಗೆದರು. ಎಂಟು ಹೆಸರಿನ ಪಟ್ಟಿಯಲ್ಲಿ ಎರಡನೆಯದರ ಕೆಳಗೆ ಒಂದು ಸಾಲಿಗೆ ಜಾಗವಿದೆಯೇ ಎಂದು ನೋಡಿದರು. "ನನ್ನ ಕೈಯಲ್ಲೇ ಬರೀತೀನಿ ಅತ್ತಿಗಮ್ಮ. ಈಗಲಾದ್ರೂ."

ಅಕ್ಕಯಮ್ಮ ಪುಟದ ಮೇಲೆ ಅಂಗೈ ಇಟ್ಟಳು.

"ಬೇಡಪ್ಪ. ಪುಸ್ತಕದಲ್ಲಿ ಯಾರಾದ್ರೂ ಬರೆದ್ರೆ ಅವರಿಗೆ ಆಗ್ತಿರ್ಲಿಲ್ಲ."

ಪುಸ್ತಕ ಮುಚ್ಚಿ ಶ್ಯಾಮಲಮ್ಮನ ಕೈಗೆ ಕೊಟ್ಟಳು. ನಾಲ್ಕು ಗಂಟೆಗೆ ಪೇಪರು ಓದುವವರು ಬರುತ್ತಾರೆಂದು ಶ್ಯಾಮಲಮ್ಮ ಬೀಗದ ಕೈಯನ್ನೂ ತೆಗೆದುಕೊಂಡು ಬೀದಿಗಿಳಿದಳು. ವೆಂಕಟರವಣಪ್ಪನವರು ಮುಚ್ಚದ ಪೆನ್ನು ಹಿಡಿದು ಬಾಗಿಲಲ್ಲಿ ನಿಂತರು. ಅವಳು ಬೀದಿಯ ತಿರುವು ದಾಟುವವರೆಗೂ ಅವಳ ತೋಳಿನಡಿಯ ಪುಸ್ತಕದ ಬಿಳಿ ಅಂಚಿನ ನಡುವೆ ಒಂದು ಕೆಂಪು ಗೆರೆ ಕಾಣುತ್ತಲೇ ಇತ್ತು.