ಕೊಳದ ಸದ್ದು

ಅವಳಿಗೆ ದೂರದ ಕಣ್ಣಿರಲಿಲ್ಲ. ಇಪ್ಪತ್ತು ಹೆಜ್ಜೆಯಾಚೆ ಮನುಷ್ಯನೂ ಪೊದೆಯೂ ಒಂದೇ ಥರ ಮಸುಕು. ಕನ್ನಡಕದಿಂದ ಆಗುವ ಕೆಲಸವಲ್ಲ ಎಂದು ಡಾಕ್ಟರು ಎರಡು ವರ್ಷದ ಹಿಂದೆಯೇ ಕೈಚೆಲ್ಲಿದ್ದರು. ರೆಸಾರ್ಟಿನ ಗಾಲ್ಫ್ ಮೈದಾನದಲ್ಲಿ ಅವಳು ಕ್ಯಾಡಿ. ಆಡುವವರ ಚೀಲ ಹೊರಬೇಕು, ಹೊಡೆದ ಚೆಂಡು ಎಲ್ಲಿ ಬಿತ್ತೆಂದು ಹೇಳಬೇಕು. ಕಣ್ಣಿನ ವಿಷಯ ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ.

ಇಷ್ಟು ದಿನ ಅವಳ ಮಾನ ಉಳಿಸಿದ್ದು ಕೊಳಗಳು. ಚೆಂಡು ಸೇರಿಸಬೇಕಾದ ಹದಿನೆಂಟು ಕುಳಿಗಳಲ್ಲಿ ಹದಿನಾಲ್ಕಕ್ಕೆ ನೀರು ಅಡ್ಡ. ಕೋಲು ಬೀಸಿದೊಡನೆ ಅವಳು ಕಣ್ಣು ಮುಚ್ಚಿ ಕಿವಿ ನೆಟ್ಟಗೆ ಮಾಡುತ್ತಿದ್ದಳು. ಡುಬುಕ್ ಎಂದರೆ ನೀರು, ಧಪ್ ಎಂದರೆ ನೆಲ, ಏನೂ ಕೇಳದಿದ್ದರೆ ಮರಳಿನ ಗುಂಡಿ. ಆಡುವವರು ಅದನ್ನು ತಮಗಾಗಿ ಮಾಡುವ ಪ್ರಾರ್ಥನೆ ಎಂದುಕೊಂಡು ಖುಷಿಪಡುತ್ತಿದ್ದರು.

ಆದರೂ ಈ ತಿಂಗಳು ಅವಳ ಮೇಲೆ ಎರಡು ದೂರು ಹೋಗಿದ್ದವು. ಇನ್ನೊಂದು ತಪ್ಪಾದರೆ ಚೀಲ ಇಳಿಸಿ ಮನೆಗೆ ಹೋಗು ಎಂದು ಹೊಸ ಮ್ಯಾನೇಜರ್ ಹೇಳಿದ್ದ. ಇವತ್ತು ತಾನೇ ಜೊತೆಗೆ ನಡೆದು ಬರುತ್ತಿದ್ದ.

ಆಡುತ್ತಿದ್ದವರು ಒಬ್ಬ ಕಂಟ್ರಾಕ್ಟರ್, ಅವನ ಭಾಮೈದ. ಚೀಲ ಕಂಟ್ರಾಕ್ಟರನದು. ಹದಿನಾರನೇ ಕುಳಿಯ ಹೊತ್ತಿಗೆ ಅವನ ಮೂರು ಚೆಂಡು ನೀರುಪಾಲಾಗಿದ್ದವು. ಮೂರನ್ನೂ ಅವಳು ಕರಾರುವಾಕ್ಕಾಗಿ ಹೇಳಿದ್ದಳು.

"ಭಾವ, ಆಡೋಕೆ ಬಂದಿದ್ದೀರಾ, ಕೊಳ ಮುಚ್ಚೋ ಕಂಟ್ರಾಕ್ಟ್ ತಗೊಂಡಿದ್ದೀರಾ?" ಎಂದ ಭಾಮೈದ.

ಹದಿನೇಳಕ್ಕೆ ಇಬ್ಬರೂ ಸರಿಸಮ. ಇದು ಎಲ್ಲಕ್ಕಿಂತ ಹತ್ತಿರದ ಕುಳಿ, ಮುಂದೆ ಪೂರ್ತಿ ನೀರು. ಕಂಟ್ರಾಕ್ಟರ್ ಹೊಡೆದ. ಅವಳು ಕಣ್ಣು ಮುಚ್ಚಿದಳು. ಗಾಳಿ ಬಿದ್ದುಹೋಗಿತ್ತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಡುಬುಕ್.

"ಎಲ್ಲಿ ಬಿತ್ತಕ್ಕಾ? ಬಿಸಿಲು ಕಣ್ಣಿಗೆ ಹೊಡೀತಿದೆ," ಎಂದ ಕಂಟ್ರಾಕ್ಟರ್.

"ನೀರಿಗೆ ಸಾರ್."

"ಖಂಡಿತಾನಾ?" ಮ್ಯಾನೇಜರ್ ಕೇಳಿದ. ಆ ಬೆಳಿಗ್ಗೆ ಅವನ ಮೊದಲ ಪ್ರಶ್ನೆ ಅದು.

"ಖಂಡಿತ ಸಾರ್."

ಕಂಟ್ರಾಕ್ಟರ್ ಗೊಣಗುತ್ತ ಇನ್ನೊಂದು ಚೆಂಡು ಇಟ್ಟ. ದಂಡವಾಗಿ ಒಂದು ಹೊಡೆತ ಹೆಚ್ಚಾಯಿತು. ಅದೇ ಒಂದು ಹೊಡೆತದಿಂದ ಆ ಕುಳಿ ಸೋತ. ಕೊಳ ಸುತ್ತಿಕೊಂಡು ಆಚೆ ದಡಕ್ಕೆ ಹೋದಾಗ ಭಾಮೈದ ಮರಳಿನ ಗುಂಡಿಯತ್ತ ಬಗ್ಗಿದ.

"ಭಾವ, ಈ ಹಸಿರು ಚುಕ್ಕೆ ಚೆಂಡು ನಿಮ್ದೇ ಅಲ್ವಾ?"

ಅವನದೇ. ಒಣ ಮರಳಿನಲ್ಲಿ ಮೊಟ್ಟೆ ಇಟ್ಟ ಹಾಗೆ ಕೂತಿತ್ತು.

ಆಗಲೇ ಅವಳ ಬೆನ್ನ ಹಿಂದೆ ನೀರಿನಲ್ಲಿ ಮತ್ತೆ ಡುಬುಕ್ ಎಂದಿತು. ಯಾರೂ ಏನೂ ಹೊಡೆದಿರಲಿಲ್ಲ. ಹೋದ ವಾರ ಅವಳ ರಜೆಯ ದಿನ ಕೊಳಕ್ಕೆ ದೊಡ್ಡ ಮೀನು ಬಿಟ್ಟಿದ್ದರಂತೆ, ಅತಿಥಿಗಳು ಗಾಳ ಹಾಕಲೆಂದು. ಅದನ್ನು ಕ್ಯಾಡಿಗಳಿಗೆ ಹೇಳಬೇಕೆಂದು ಯಾರಿಗೂ ಅನಿಸಿರಲಿಲ್ಲ.

ಮ್ಯಾನೇಜರ್ ಚೆಂಡನ್ನು ತೆಗೆದುಕೊಂಡು ಗುಂಡಿಯ ಆ ಬದಿಗೆ ಹೋದ. ಮೂವತ್ತು ಹೆಜ್ಜೆ ಇರಬಹುದು. ಅಲ್ಲಿಂದ ಕೈ ಎತ್ತಿದ.

"ನನ್ನ ಕೈಲಿ ಏನಿದೆ ಹೇಳಮ್ಮ."

ಅವಳಿಗೆ ಕಂಡದ್ದು ಒಂದು ಮಸುಕು ಕಂಬ. ಕಿವಿಗೊಟ್ಟಳು. ಕಿವಿಗೆ ಅಲ್ಲಿ ಕೆಲಸವಿರಲಿಲ್ಲ.

"ಚೆಂಡು ಸಾರ್."

ಭಾಮೈದ ನಗಲು ಹೋಗಿ ತಡೆದುಕೊಂಡ. ಕಂಟ್ರಾಕ್ಟರ್ ಮುಖ ಬೇರೆ ಕಡೆ ತಿರುಗಿಸಿದ. ಮ್ಯಾನೇಜರ್ ಬರಿಗೈಯನ್ನು ಕೆಳಗಿಳಿಸಿ, ಜೇಬಿನಿಂದ ಚೆಂಡು ತೆಗೆಯುತ್ತ ಹತ್ತಿರ ಬಂದ. ಎಷ್ಟು ದಿನದಿಂದ ಹೀಗೆ ಎಂದು ಮೆತ್ತಗೆ ಕೇಳಿದ. ಎರಡು ವರ್ಷ ಎಂದಳು.

ಹದಿನೆಂಟನೇ ಕುಳಿಗೆ ಕಂಟ್ರಾಕ್ಟರ್ ತನ್ನ ಚೀಲ ತಾನೇ ಹೊತ್ತ. ಅವಳು ಶೆಡ್ಡಿಗೆ ಹೋಗಿ ಅಂಗಿಯ ನಂಬರ್ ಬಿಲ್ಲೆ ಬಿಚ್ಚಿಟ್ಟಳು.

ಕಳೆದದ್ದು ಚೆಂಡು ಮೂರು, ಕೆಲಸ ಒಂದು.