ಮಾವನ ಕಣ್ಣಲ್ಲಿ ನೀರು ತರಿಸುವ ಸೋಡಾ

ಸುಂಯ್ ಎಂದದ್ದು ಕುಕ್ಕರ್ರೋ, ಓರಗಿತ್ತಿ ಬಾಟಲಿ ತೆರೆದದ್ದೋ — ಕುಕ್ಕರ್ರೇ, ಸದ್ಯ — ಈಗೀಗ ಎಲ್ಲಿ ಗಾಳಿ ಹೊರಟರೂ ಹಿರಿಸೊಸೆಯ ಎದೆ ಧಸಕ್ಕೆನ್ನುತ್ತದೆ, ಆಮೇಲೆ ತನ್ನ ಮೇಲೆ ತನಗೇ ರೇಗುತ್ತದೆ, ನಿನ್ನೆ ಮೊನ್ನೆ ಬಂದವಳಿಗೆ ಹೆದರುವುದೆಂದರೇನು, ಸೋಡಾ ತುಂಬುವ ಹಿಂದಿನ ಕೋಣೆಯಲ್ಲಿ ಗ್ಯಾಸ್ ಸಿಲಿಂಡರಿನ ಪಕ್ಕ ನಿಂತು ಮಾವನಿಗೆ ಬಾಟಲಿ ತೊಳೆತೊಳೆದು ಕೊಟ್ಟವಳು ಯಾರು, ನೀರಲ್ಲಿ ನೆನೆದು ಸುಕ್ಕುಗಟ್ಟಿದ ಬೆರಳು ಯಾರದು, ಇವಳದಂತೂ ಅಲ್ಲ. ಆದರೂ ಮೊನ್ನೆ ಇವಳು ತುಂಬಿಸಿದ್ದನ್ನು ಒಂದು ಗುಟುಕು ಕುಡಿದು ಮಾವ ತಲೆ ಕೊಡವಿದರು, ಗ್ಯಾಸು ಮೂಗಿಗೇರಿ ಎರಡೂ ಕಣ್ಣಲ್ಲಿ ನೀರು, ಅಬ್ಬಬ್ಬಾ, ಸೋಡಾ ಅಂದ್ರೆ ಇದು ಕಣಮ್ಮಾ — ನೀರು ತುಂಬಿ ನಗುತ್ತಿದ್ದ ಆ ಕಣ್ಣು, ಪಾತ್ರೆ ತೊಳೆಯುವಾಗ ಆ ಕಣ್ಣು, ತಲೆ ಬಾಚುವಾಗ ಆ ಕಣ್ಣು. ಅವತ್ತೇ ಮಾವ ಅಂದರು, ನನ್ ಕೈ ನಡುಗ್ತಿದೆ, ಇನ್ಮೇಲೆ ನನ್ ಸ್ಟೂಲ್ ಮೇಲೆ ಕೂತು ತುಂಬ್ಸೋರು ನಿಮ್ಮಿಬ್ರಲ್ಲಿ ಒಬ್ರು, ಭಾನುವಾರ ಊಟ ಆದ್ಮೇಲೆ ಇಬ್ರದ್ದೂ ಕುಡೀತೀನಿ, ಯಾರದ್ದು ಕಣ್ಣಲ್ಲಿ ನೀರು ತರ್ಸುತ್ತೋ ಅವ್ರಿಗೇ ಆ ಸ್ಟೂಲು. ನಕ್ಕೇ ಹೇಳಿದರು, ಆದರೆ ಮಾವ ನಕ್ಕು ಹೇಳಿದ್ದನ್ನು ತಪ್ಪಿದವರಲ್ಲ, ಇವತ್ತೇ ಭಾನುವಾರ.

ಫ್ರಿಜ್ಜಿನ ಬಾಗಿಲು ತೆರೆದಳು, ಕೆಂಪು ಮುಚ್ಚಳ ಅವಳದು, ನೀಲಿ ತನ್ನದು, ಅಕ್ಕಪಕ್ಕ ನಿಂತಿವೆ, ಮನೆಯಲ್ಲಿ ತಾವಿಬ್ಬರು ನಿಂತ ಹಾಗೆ. ಕೆಂಪು ಬಾಟಲಿಯ ಹೊಟ್ಟೆ ಒತ್ತಿದಳು, ಕಲ್ಲು, ಬೆರಳು ಒಂದಿಷ್ಟೂ ಇಳಿಯುವುದಿಲ್ಲ, ನೀಲಿಯದನ್ನು ಒತ್ತಿದಳು, ಅದೂ ಗಟ್ಟಿಯೇ — ಅಷ್ಟೇ ಗಟ್ಟಿಯೇ? ಅದು ತುಸು ಹೆಚ್ಚೋ? ನೀರು ಕೊರೆಯುವಷ್ಟು ತಣ್ಣಗಿತ್ತು, ಬಾಟಲಿಯನ್ನೂ ತಣ್ಣಗೆ ಮಾಡಿ, ಓರೆಯಾಗಿ ಹಿಡಿದು, ನೊರೆಯೇಳದ ಹಾಗೆ ಒಳಗೋಡೆಗುಂಟ ಇಳಿಸಿ, ಕತ್ತಿನವರೆಗೆ ತುಂಬಿಸಿ ತಕ್ಷಣ ಮುಚ್ಚಿದ್ದಳು, ಎಲ್ಲಿ ತಪ್ಪಿದೆ, ಎಲ್ಲೂ ಇಲ್ಲ, ಇದನ್ನೆಲ್ಲ ಅವಳಿಗೆ ಕಲಿಸಿದ್ದೂ ತಾನೇ, ಬಾ ತಂಗಿ ಕೂತ್ಕೋ, ಹೀಗೆ ಹಿಡೀಬೇಕು ನೋಡು ಎಂದು ಕೈಹಿಡಿದು ಕಲಿಸಿದ್ದು, ಆಗ ನಾಲಿಗೆ ಬಿದ್ದುಹೋಗಬಾರದಿತ್ತೇ. ಒಮ್ಮೆ ಗ್ಯಾಸಿನ ಸದ್ದು ಕೇಳಿಬಿಡೋಣ, ಒಂದೇ ಒಂದು ಸಲ, ನೀಲಿ ಮುಚ್ಚಳವನ್ನು ಕೂದಲೆಳೆಯಷ್ಟು ತಿರುಗಿಸಿದಳು, ಸ್ಸ್ — ಇದೆ, ಜೀವ ಇದೆ — ಬಿಗಿಮಾಡಿದಳು. ಬೆಳಗ್ಗೆ ಕೇಳಿದ್ದೂ ಹೀಗೆಯೇ ಇತ್ತೇ, ರಾತ್ರಿ ಮಲಗುವ ಮುಂಚೆ ಕೇಳಿದ್ದು ಇನ್ನೂ ಜೋರಿತ್ತೇ, ಈಗ ಸರಿಯಾಗಿ ಕಿವಿಗೊಡಲಿಲ್ಲ, ಇನ್ನೊಮ್ಮೆ, ಸ್ — ಇದೆ, ಇದೆ. ಹೊರಗಿನ ಕೋಣೆಯಲ್ಲಿ ಓರಗಿತ್ತಿ ಬಟ್ಟೆ ಮಡಚುತ್ತಾ ಏನೋ ಗುನುಗುತ್ತಿದ್ದಾಳೆ, ಗುನುಗಲಿ, ಫ್ರಿಜ್ಜಿನ ಕಡೆ ಬೆಳಗಿನಿಂದ ಒಮ್ಮೆಯೂ ಸುಳಿದಿಲ್ಲ, ಎಷ್ಟು ಸೊಕ್ಕಿರಬೇಕು.

ಊಟವಾಯಿತು, ಮಾವ ಟವೆಲ್ಲು ಹೆಗಲಿಗೆ ಹಾಕಿಕೊಂಡು ನೆಟ್ಟಗೆ ಕುಳಿತರು, ಕೆಂಪು ಮುಚ್ಚಳ ಬುಸ್ಸೆಂದಿತು, ಒಂದು ಗುಟುಕು, ಮಾವ ಕೆಮ್ಮಿದರು, ನಕ್ಕರು, ಕೆನ್ನೆಯವರೆಗೂ ಇಳಿದದ್ದನ್ನು ಟವೆಲ್ಲಿನಿಂದ ಒರೆಸಿಕೊಂಡರು. ಈಗ ದೊಡ್ಡೋಳ್ದು ಕೊಡಮ್ಮಾ. ನೀಲಿ ಮುಚ್ಚಳ ಸದ್ದಿಲ್ಲದೆ ತಿರುಗಿತು, ಲೋಟದಲ್ಲಿ ಮೂರ್ನಾಲ್ಕು ಗುಳ್ಳೆ ಸೋಮಾರಿಗಳಂತೆ ಮೇಲೆ ಬಂದವು. ಅಕ್ಕಾ, ಮಧ್ಯದಲ್ಲಿ ತೆಗೆದ್ರಾ? ಮುಚ್ಚಿದ್ಮೇಲೆ ಮರ್ತುಬಿಡ್ಬೇಕು ಅಂತ ನೀವೇ ಹೇಳ್ಕೊಟ್ಟಿದ್ರಲ್ಲಾ — ಅಯ್ಯೋ, ಇವಳ ದನಿಯಲ್ಲಿ ಕೊಂಕೂ ಇಲ್ಲ, ಇದ್ದಿದ್ದರೆ ಬೈದಾದರೂ ಬಿಡಬಹುದಿತ್ತು, ಅಂದರೆ ಪ್ರತಿ ಸಲ ತಾನೇ, ಇದೆ ಇದೆ ಎನ್ನುತ್ತಾ ತಾನೇ ಹೊರಗೆ ಬಿಟ್ಟದ್ದು. ಮಾವ ಕುಡಿದರು, ಲೋಟ ಪೂರ್ತಿ ಕುಡಿದರು, ಕುಡಿಯುತ್ತಲೇ ಹಿರಿಸೊಸೆಯ ಮುಖ ನೋಡಿದರು, ಅವಳು ಅವರ ಕಣ್ಣನ್ನು ನೋಡುತ್ತಿದ್ದಳು, ಬರಲಿ, ಒಂದು ಹನಿ ಬರಲಿ, ಮಾವ ಲೋಟ ಕೆಳಗಿಟ್ಟು ಟವೆಲ್ಲಿಗೆ ಕೈಹಾಕಿದರು, ಇದೂ ನೀರು ತರಿಸ್ತಲ್ಲಮ್ಮಾ ಎಂದು ಒಂದು ಕಣ್ಣು ಒರೆಸಿದರು, ಇನ್ನೊಂದನ್ನೂ ಒರೆಸಿದರು — ಒಣಗಿದ್ದವು, ಒರೆಸುವ ಮೊದಲೂ ಒಣಗಿದ್ದವು, ಅವಳು ನೋಡಿದ್ದಳು, ಮಾವ ಒರೆಸುತ್ತಲೇ ಇದ್ದಾರೆ, ಆ ಒಣಗಿದ ಕಣ್ಣು, ಇನ್ನು ಪಾತ್ರೆ ತೊಳೆಯುವಾಗಲೂ ಆ ಒಣಗಿದ ಕಣ್ಣು.