ಎದುರು ಗ್ಯಾಲರಿಯ ಉತ್ತರ

ಮಾವನ ಕಿವಿಯ ವರದಿ ಬರೆದವಳು ನಾನೇ. ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ಗೋಡೆಗೆಲ್ಲ ಬೂದುಬಣ್ಣದ ಫೋಮ್ ಅಂಟಿಸಿದ ಪುಟ್ಟ ಕೋಣೆಯಿದೆ. ಬಂದವರು ಒಳಗೆ ಕೂತು ಹೆಡ್‌ಫೋನ್ ಹಾಕಿಕೊಳ್ಳುತ್ತಾರೆ. ಗಾಜಿನ ಈಚೆಯಿಂದ ನಾನು ಸಣ್ಣ ಸಣ್ಣ ಸದ್ದು ಕಳಿಸುತ್ತೇನೆ. ಕೇಳಿಸಿದಾಗ ಅವರು ಗುಂಡಿ ಒತ್ತಬೇಕು. ಮಾವ ಮೂವತ್ತೊಂದು ವರ್ಷ ಡಬ್ಬಿ ಕಾರ್ಖಾನೆಯಲ್ಲಿ ಮುಚ್ಚಳ ಒತ್ತುವ ಯಂತ್ರದ ಪಕ್ಕ ನಿಂತವರು. ಅವರು ಗುಂಡಿ ಒತ್ತಿದ್ದು ಕಡಿಮೆ. ಕೆಲವು ಸಲ ನಾನು ಸದ್ದೇ ಕಳಿಸದಿದ್ದಾಗ ಒತ್ತಿದರು.

ಹೊರಗೆ ಬಂದು, "ಏನಂತೆ?" ಎಂದರು.

"ವಯಸ್ಸಿಗೆ ಸ್ವಲ್ಪ ಕಮ್ಮಿಯಾಗಿದೆ ಮಾವ. ಅಷ್ಟೇ."

ಅಷ್ಟೇ ಆಗಿರಲಿಲ್ಲ. ಹತ್ತಿರ ಕೂತು, ಮುಖ ಕಾಣುವಂತೆ ಮಾತಾಡಿದರೆ ಅವರಿಗೆ ತಿಳಿಯುತ್ತಿತ್ತು. ದೂರದ ದನಿ ತಿಳಿಯುತ್ತಿರಲಿಲ್ಲ, ಗದ್ದಲವಿದ್ದರಂತೂ ಇಲ್ಲವೇ ಇಲ್ಲ. ಅದನ್ನು ಹೇಳುವುದು ನನ್ನ ಕೆಲಸ. ಆದರೆ ಅವರ ಮಗ, ನನ್ನ ಗಂಡ, ತೀರಿಕೊಂಡು ಆಗ ಐದನೇ ವಾರ. ಬಸ್‌ಸ್ಟಾಪಿನಲ್ಲಿ ನಿಂತಿದ್ದವನು ಕುಸಿದು ಕೂತ, ಮತ್ತೆ ಏಳಲಿಲ್ಲ. ಮಗನನ್ನು ಕಳೆದುಕೊಂಡ ಮನುಷ್ಯನಿಗೆ ಈಗ ಕಿವಿಯೂ ಹೋಯಿತು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಆರನೇ ವಾರ ಮಾವ ಮಗನ ಡ್ರಮ್ಮು ಹೊತ್ತುಕೊಂಡು ಸ್ಟೇಡಿಯಮ್ಮಿಗೆ ಹೋದರು.

ನಮ್ಮ ಊರಿನ ಫುಟ್‌ಬಾಲ್ ಕ್ಲಬ್ಬಿನ ಅಭಿಮಾನಿಗಳಲ್ಲಿ ಡ್ರಮ್ಮು ಬಾರಿಸುತ್ತಿದ್ದವನು ಅವನು. ಅವನು ಹೋದ ಮೇಲೆ ಆ ಜಾಗ ಮಾವನದಾಯಿತು. ಉಳಿದ ದಿನಗಳಲ್ಲಿ ಅವರಿಗೆ ಹಲ್ಲುಜ್ಜಲೂ ನಾನು ನೆನಪಿಸಬೇಕಿತ್ತು. ಮ್ಯಾಚಿನ ದಿನ ಮಾತ್ರ ತಾವಾಗಿಯೇ ಎದ್ದು ಶರ್ಟು ಇಸ್ತ್ರಿ ಮಾಡಿಕೊಳ್ಳುತ್ತಿದ್ದರು. ಸುಮ್ಮನೆ ಡ್ರಮ್ಮು ಬಾರಿಸಲು ಕಿವಿ ಅಷ್ಟಾಗಿ ಬೇಕಿರಲಿಲ್ಲ. ಹತ್ತು ತಿಂಗಳು ಹೀಗೇ ನಡೆಯಿತು. ಆಮೇಲೆ ಹಾಡಿನ ವಿಚಾರ ಬಂತು.

ನಮ್ಮವರಿಗೆ ಸ್ವಂತ ಹಾಡಿರಲಿಲ್ಲ. ಯಾವುದೋ ಹಳೆಯ ಸೋಪಿನ ಜಾಹೀರಾತಿನ ಧಾಟಿಗೆ ಮಾತು ಜೋಡಿಸಿ ಹಾಡುತ್ತಿದ್ದರು. ಹೊಳೆಯಾಚೆಯ ಕ್ಲಬ್ಬಿನವರು ಅದನ್ನು ಕಂಡುಹಿಡಿದು, ಮುಂದಿನ ಮ್ಯಾಚಿಗೆ ನೂರಾರು ಜನ ಸೋಪಿನ ಗುಳ್ಳೆ ಊದುತ್ತ ಬಂದರು. "ಸ್ನಾನ ಆಯ್ತಾ?" ಎಂದು ತೊಂಬತ್ತು ನಿಮಿಷ ಕೂಗಿದರು. ಊರಿನವರಿಗೆ ತಲೆ ಎತ್ತಿಕೊಂಡು ಓಡಾಡಲಾಗಲಿಲ್ಲ. ಆ ಸೀಸನ್ನಿನಲ್ಲಿ ನಮ್ಮ ಮೈದಾನದ ಕೊನೆಯ ಮ್ಯಾಚು ಮತ್ತೆ ಅವರ ಮೇಲೇ ಇತ್ತು. ಅಷ್ಟರೊಳಗೆ ನಮ್ಮದೇ ಹಾಡಾಗಬೇಕು ಎಂದು ಟೈಲರ್ ಪಟ್ಟು ಹಿಡಿದ. ಅವನೇ ಗುಂಪಿನ ನಾಯಕ, ಬ್ಯಾನರುಗಳನ್ನೆಲ್ಲ ಹೊಲಿಯುವವನು. ನನ್ನ ಗಂಡನ ಗೆಳೆಯ, ಹಾಗಾಗಿ ನನ್ನನ್ನು ಅತ್ತಿಗೆ ಎನ್ನುತ್ತಾನೆ.

ಭಾನುವಾರ ಮಧ್ಯಾಹ್ನ ಅವನ ನೆಲಮಾಳಿಗೆಯ ಅಂಗಡಿಯಲ್ಲಿ ಸೇರಿದರು. ಮೆಟ್ಟಿಲು ಕಡಿದು ಎಂಬ ನೆಪದಲ್ಲಿ ನಾನೂ ಮಾವನ ಜೊತೆ ಹೋದೆ. ಎಲ್ಲರ ಮುಖ ಕಾಣುವ ಹಾಗೆ ಅವರ ಸ್ಟೂಲನ್ನು ಬಟ್ಟೆ ಕತ್ತರಿಸುವ ಮೇಜಿನ ತುದಿಗೆ ಎಳೆದು ಕೂರಿಸಿದೆ.

ಲೆಕ್ಕದ ಮೇಷ್ಟ್ರು ಹದಿನಾರು ಸಾಲು ಬರೆದು ತಂದಿದ್ದರು. ಸಿಂಹಗಳೇ ಏಳಿ ಎಂದು ಶುರು, ವಿಜಯ ಪತಾಕೆ ಎಂದು ಮುಕ್ತಾಯ.

"ಮೇಷ್ಟ್ರೇ, ಇದು ಹಾಡೋ, ಶಾಲೆ ವಾರ್ಷಿಕೋತ್ಸವದ ಸ್ವಾಗತ ಭಾಷಣವೋ?" ಎಂದ ಕಂಡಕ್ಟರ್. ಬಸ್ಸಿನ ಕೊನೆಯ ಸೀಟಿನವರೆಗೂ ಮುಟ್ಟುವ ಗಂಟಲು ಅವನದು. "ಹೋದ ಹನ್ನೊಂದು ಮ್ಯಾಚಲ್ಲಿ ಗೆದ್ದಿದ್ದು ಎರಡು. ಸಿಂಹ ಅಂದ್ರೆ ನಮ್ಮ ಗೋಲ್‌ಕೀಪರೇ ನಗ್ತಾನೆ."

"ಹಾಗಾದ್ರೆ ಏನಂತ ಬರೀಲಪ್ಪಾ? ಕುರಿಗಳೇ ಏಳಿ ಅಂತ್ಲಾ?"

"ಅದಾದ್ರೂ ನಿಜ."

ಮೇಷ್ಟ್ರು ಕಾಗದ ಮಡಿಸಿ ಜೇಬಿಗಿಟ್ಟು ಮುಖ ಊದಿಸಿಕೊಂಡು ಕೂತರು. ಅಷ್ಟರಲ್ಲಿ ಕರೆಂಟು ಹೋಯಿತು. ಹೊಲಿಗೆಯಂತ್ರಗಳು ಕುಂಟುತ್ತ ನಿಂತವು. ನೆಲಮಾಳಿಗೆಯಲ್ಲಿ ನಮ್ಮ ಕೈಯೇ ನಮಗೆ ಕಾಣುತ್ತಿರಲಿಲ್ಲ.

ಒಳಗಿನಿಂದ ಟೈಲರ್ ಕೂಗಿದ. "ಯಾರಿದ್ದೀರಿ ಅಲ್ಲಿ? ಮೇಜಿನ ಮೇಲೆ ಕತ್ತರಿ ಇದೆ, ಮುಟ್ಟಬೇಡಿ."

"ನಾವಿದ್ದೀವಿ," ಎಂದರು ಎಲ್ಲರೂ ಒಟ್ಟಿಗೆ.

ಕಂಡಕ್ಟರಿಗೆ ತಮಾಷೆ ಹತ್ತಿತು. ಸ್ಟಾಪಿನ ಹೆಸರು ಕೂಗುವ ರಾಗದಲ್ಲಿ, "ಯಾರಿದ್ದೀರೀ?" ಎಂದು ಎಳೆದ. ಉಳಿದವರೂ ಅದೇ ರಾಗಕ್ಕೆ ಎಳೆದರು, "ನಾವಿದ್ದೀವೀ."

"ಮಳೆ ಸುರಿದರೇ?"

"ನಾವಿದ್ದೀವೀ."

"ಸೋತು ಸುಣ್ಣವಾದರೇ?"

"ನಾವಿದ್ದೀವೀ."

ದೀಪ ಬಂದಾಗ ಹಾಡು ಸಿಕ್ಕಿತೆಂದು ಎಲ್ಲರಿಗೂ ಗೊತ್ತಾಗಿತ್ತು, ಮಾವನೊಬ್ಬರನ್ನು ಬಿಟ್ಟು. ಅವರು ಒಂದೊಂದೇ ಮುಖ ನೋಡುತ್ತಿದ್ದರು. ಕತ್ತಲಲ್ಲಿ ಯಾರ ತುಟಿಯೂ ಅವರಿಗೆ ಕಂಡಿರಲಿಲ್ಲ. ಅವರೆದುರು ಬಗ್ಗಿ ಹಾಡಿನ ಮಾತುಗಳನ್ನೆಲ್ಲ ಮೆಲ್ಲಗೆ ಮತ್ತೆ ಹೇಳಿದೆ. ಮಾವ ತಲೆಯಾಡಿಸಿ, ಮೇಜಿನ ಮೇಲೆ ಬೆರಳ ಗೆಣ್ಣಿನಿಂದ ಎರಡು ಏಟು ಹಾಕಿದರು.

"ಉತ್ತರ ಪೂರ್ತಿ ಮುಗೀಲಿ. ಆಮೇಲೆ ಇಷ್ಟು. ಆಮೇಲೆ ಮುಂದಿನ ಪ್ರಶ್ನೆ. ಉತ್ತರ ಬರೋವಾಗ ಡ್ರಮ್ಮು ಇರಬಾರದು."

"ಆಹಾ ಚಿಕ್ಕಪ್ಪ," ಎಂದ ಟೈಲರ್. "ಪ್ರಶ್ನೆ ನಮ್ಮ ಗ್ಯಾಲರಿದು, ಉತ್ತರ ಎದುರು ಗ್ಯಾಲರಿದು. ಇಡೀ ಮೈದಾನ ದಾಟಿ ಬರಬೇಕು."

ಮೇಷ್ಟ್ರು ಕೋಪ ಮರೆತು ಕಾಗದ ಹೊರತೆಗೆದರು. "ಪಾಯಿಂಟು ಪಟ್ಟಿ ತಳದಲ್ಲಿ ಯಾರಿದ್ದೀರಿ, ಅಂತ ಒಂದು ಸೇರಿಸೋಣ್ವಾ?"

"ಅದಕ್ಕೆ ಹಾಡು ಯಾಕೆ? ಪೇಪರ್ ನೋಡಿದ್ರೆ ಗೊತ್ತಾಗುತ್ತೆ," ಎಂದ ಕಂಡಕ್ಟರ್.

ಎಲ್ಲರೂ ನಗುತ್ತಿದ್ದರು. ಮಾವನೂ ನಕ್ಕರು, ಒಂದು ಗಳಿಗೆ ತಡವಾಗಿ. ಅವರು ನಕ್ಕು ವರ್ಷವಾಗುತ್ತ ಬಂದಿತ್ತು. ನನಗೆ ಕಾಣುತ್ತಿದ್ದುದು ಮೈದಾನದ ಅಗಲ ಮಾತ್ರ.

ಮುಂದಿನ ಭಾನುವಾರ ಬಸ್ ಡಿಪೋದ ಉದ್ದನೆಯ ಶೆಡ್ಡಿನಲ್ಲಿ ಅಭ್ಯಾಸ. ನಲವತ್ತು ಜನ ಈ ತುದಿಗೆ, ನಲವತ್ತು ಜನ ಆ ತುದಿಗೆ. ನಡುವೆ ಖಾಲಿ ಬಸ್ಸುಗಳು, ಡೀಸೆಲ್ ವಾಸನೆ. ಮೊದಲ ಪ್ರಶ್ನೆ ಹೋಯಿತು. ಆಚೆಯಿಂದ "ನಾವಿದ್ದೀ" ಎನ್ನುವಷ್ಟರಲ್ಲಿ ಡ್ರಮ್ಮು ಬಿತ್ತು. ಎರಡನೆಯ ಸಲ ಉತ್ತರ ಮುಗಿದು ಎಷ್ಟೋ ಹೊತ್ತಾದರೂ ಡ್ರಮ್ಮಿಲ್ಲ. ಮೂರನೆಯ ಸಲ ಮತ್ತೆ ಡಿಕ್ಕಿ.

"ಆ ಕಡೆಯವರು ನಿದ್ದೆ ಮಾಡ್ತಿದ್ದೀರೇನ್ರೋ?" ಎಂದು ಟೈಲರ್ ಕೂಗಿದ. ಆಚೆಯವರು ನೀವೇ ಅವಸರ ಮಾಡುತ್ತಿದ್ದೀರೆಂದು ಕೂಗಿದರು. ಮಾವನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಅವರು ಕೋಲು ಹಿಡಿದು, ಕತ್ತು ಮುಂದೆ ಚಾಚಿ, ಶೆಡ್ಡಿನ ಆ ತುದಿಯನ್ನು ದಿಟ್ಟಿಸುತ್ತಿದ್ದರು. ಎಂಟು ಸಲ ಮಾಡಿದರು. ಎಂಟು ಸಲವೂ ಕೆಟ್ಟಿತು.

ಶನಿವಾರ ಎಂಟು ಸಾವಿರ ಜನರ ಎದುರು ಇದೇ ಆಗುತ್ತದೆ. ಹೊಳೆಯಾಚೆಯವರು ನಗುತ್ತಾರೆ. ಆಮೇಲೆ ಯಾರಾದರೂ ಕಾರಣ ಹುಡುಕುತ್ತಾರೆ, ಹುಡುಕಿದರೆ ಸಿಗುತ್ತದೆ. ಡ್ರಮ್ಮು ಬೇರೆಯವರ ಹೆಗಲಿಗೆ ಹೋಗುತ್ತದೆ. ಮಾವ ಮನೆಗೆ ಬಂದು ಕುರ್ಚಿಯಲ್ಲಿ ಕೂರುತ್ತಾರೆ. ಅದರಾಚೆ ಯೋಚಿಸಲು ನನಗೆ ಆಗುತ್ತಿರಲಿಲ್ಲ.

ನಾನು ಟೈಲರ್ ಹತ್ತಿರ ಹೋದೆ. ಈ ಗ್ಯಾಲರಿಯಿಂದ ಆ ಗ್ಯಾಲರಿಗೆ ನೂರು ಮೀಟರಿಗೂ ಹೆಚ್ಚು, ಶಬ್ದ ದಾಟಲು ಸಮಯ ಬೇಕು, ಗಾಳಿ ಎದುರಾದರೆ ಇನ್ನೂ ಕಷ್ಟ, ಎರಡು ಗ್ಯಾಲರಿ ಎಂದಿಗೂ ಕೂಡುವುದಿಲ್ಲ ಎಂದೆ. ಪ್ರಶ್ನೆ, ಉತ್ತರ ಎರಡನ್ನೂ ಎಲ್ಲರೂ ಒಟ್ಟಿಗೆ ಹಾಡಲಿ, ಡ್ರಮ್ಮು ನಡುವೆ ನಿಲ್ಲುವುದು ಬೇಡ ಎಂದೆ. ಹೇಳಿದ್ದರಲ್ಲಿ ಅರ್ಧ ನಿಜ.

ಟೈಲರ್ ನನ್ನನ್ನೇ ನೋಡಿದ. "ಅತ್ತಿಗೆ, ಇಷ್ಟು ದಿನ ನೀವು ಬಾಯಿ ಬಿಟ್ಟಿದ್ದೇ ಇಲ್ಲ."

"ಇದು ನನ್ನ ಕೆಲಸ. ಅದಕ್ಕೆ ಹೇಳಿದೆ."

"ಓದಿದವರು ಹೇಳ್ತಿದ್ದೀರಿ. ಹಾಗೇ ಮಾಡೋಣ ಬಿಡಿ," ಎಂದ. ಅವನ ದನಿಯಲ್ಲಿ ಉತ್ಸಾಹ ಇಳಿದಿತ್ತು. ಒಮ್ಮೆ ಎಲ್ಲರೂ ಒಟ್ಟಿಗೆ ಹಾಡಿ ನೋಡಿದರು. ಎಲ್ಲಿಯೂ ತಪ್ಪಲಿಲ್ಲ. ಹಾಡು ಸಪ್ಪಗಾಗಿತ್ತು. ಕಂಡಕ್ಟರ್ ಆಕಳಿಸಿದ.

ಬಸ್ಸಿನಲ್ಲಿ ಮಾವ ಡ್ರಮ್ಮನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದರು. ಇಳಿಯುವ ಸ್ಟಾಪು ಹತ್ತಿರವಾದಾಗ ನನ್ನ ಕಡೆ ತಿರುಗಿದರು.

"ಎಲ್ಲರೂ ಕೇಳಿ, ಎಲ್ಲರೂ ಉತ್ತರ ಹೇಳಿದ್ರೆ, ಕೇಳಿದ್ದು ಯಾರನ್ನಮ್ಮ?"

ನಾನು ಚೀಲದಲ್ಲಿ ಬೀಗದ ಕೈ ಹುಡುಕಿದೆ.

ಆ ವಾರ ಕೆಲಸದಲ್ಲಿ ಎರಡು ವರದಿ ಅದಲುಬದಲು ಮಾಡಿದೆ. ಅಪಾಯ ತಪ್ಪಿಸಿದ್ದೇನೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಮಾವ ದಿನವೂ ಕೋಣೆಯ ಬಾಗಿಲು ಹಾಕಿಕೊಂಡು ದಿಂಬಿನ ಮೇಲೆ ಬಾರಿಸುತ್ತಿದ್ದರು. ಎರಡು ಏಟು, ಆಮೇಲೆ ಖಾಲಿ, ಮತ್ತೆ ಎರಡು ಏಟು. ಆ ಖಾಲಿ ಯಾಕೆ ಎಂದು ನಾನು ಕೇಳಲಿಲ್ಲ.

ಶನಿವಾರ ಹೊಳೆಯಾಚೆಯವರು ಮತ್ತೆ ಗುಳ್ಳೆ ಊದುತ್ತ ಬಂದರು. ಗೋಲಿನ ಹಿಂದಿನ ಗ್ಯಾಲರಿ ಅವರದು. ನಮ್ಮ ಗ್ಯಾಲರಿಯ ಕೆಳಸಾಲಿನಲ್ಲಿ ಮಾವ ಡ್ರಮ್ಮು ತಗುಲಿಸಿಕೊಂಡು ನಿಂತರು. ಪಕ್ಕದಲ್ಲಿ ನಾನು. ಹಾಡಿನ ಚೀಟಿಯನ್ನು ಎರಡೂ ಗ್ಯಾಲರಿಗೆ ಹಂಚಿಯಾಗಿತ್ತು. ಆಟ ಶುರುವಾದ ಹತ್ತನೇ ನಿಮಿಷಕ್ಕೆ ಟೈಲರ್ ಕೈ ಎತ್ತಿದ.

"ಯಾರಿದ್ದೀರೀ?" ಎಂದು ಎರಡು ಸಾವಿರ ಗಂಟಲು. ತಕ್ಷಣವೇ ಅದೇ ಗಂಟಲುಗಳು ಉತ್ತರವನ್ನೂ ಹಾಡಬೇಕಿತ್ತು. ಆದರೆ ಡ್ರಮ್ಮು ನಿಂತಿತು. ಮಾವ ಎರಡೂ ಕೋಲುಗಳನ್ನು ತಲೆಯ ಮೇಲೆ ಅಡ್ಡ ಹಿಡಿದಿದ್ದರು. ಮುಂದಿನ ಸಾಲುಗಳವರು ಅದನ್ನು ಕಂಡು ಬಾಯಿ ಮುಚ್ಚಿದರು, ಹಿಂದಿನವರದು ಅರ್ಧಕ್ಕೆ ನಿಂತಿತು.

"ಹೊಡೀರಿ ಚಿಕ್ಕಪ್ಪ, ನಿಲ್ಲಿಸಬೇಡಿ," ಎಂದ ಟೈಲರ್.

ಮಾವ ಅವನತ್ತ ತಿರುಗಲಿಲ್ಲ. ಮೈದಾನವನ್ನೂ ನೋಡಲಿಲ್ಲ. ಅವರು ನನ್ನ ತುಟಿಗಳನ್ನು ನೋಡುತ್ತಿದ್ದರು.

"ಬಂತಾ?" ಎಂದರು.

ಅವರಿಗೆ ಎಲ್ಲ ಗೊತ್ತಿತ್ತು. ಎದುರು ಗ್ಯಾಲರಿ ಮೌನವಾಗಿತ್ತು. ಒಟ್ಟಿಗೆ ಹಾಡಿ ಎಂದು ಅವರಿಗೆ ತಿಳಿಸಿಯಾಗಿತ್ತಲ್ಲ, ನಾವು ನಿಂತಾಗ ಅವರೂ ನಿಂತಿದ್ದರು. ಹೊಳೆಯಾಚೆಯವರ ನಗು ಆಗಲೇ ಶುರುವಾಗಿತ್ತು.

"ಬಂದಿಲ್ಲ ಮಾವ."

ಅವರು ಕೋಲು ಇಳಿಸಲಿಲ್ಲ. "ಈಗ?"

"ಇಲ್ಲ."

ಆಗ ಎದುರಿನ ಮೂಲೆಯೊಂದರಲ್ಲಿ ಯಾರೋ ಹತ್ತಿಪ್ಪತ್ತು ಜನ "ನಾವಿದ್ದೀವೀ" ಎಂದು ಎಳೆದರು. ಡಿಪೋದಲ್ಲಿ ಇದ್ದವರೇ ಇರಬೇಕು. ಅದು ಮೇಲಿನ ಸಾಲುಗಳಿಗೆ ಹಬ್ಬಿತು, ಒಬ್ಬರ ಹಿಂದೆ ಒಬ್ಬರು, ಸೊಟ್ಟಪಟ್ಟ.

"ಬರ್ತಾ ಇದೆ," ಎಂದೆ. "ಇರಿ. ಇನ್ನೂ ಇದೆ. ಮುಗೀತು."

ಎರಡು ಏಟು ಬಿತ್ತು. ಎರಡನೆಯ ಪ್ರಶ್ನೆಗೆ ಎದುರಿನವರು ಕಾದು ನಿಂತಿದ್ದರು. ಉತ್ತರ ಮೈದಾನ ದಾಟಿ ಬಂದು ನಮ್ಮ ಮೇಲೆ ಬಿದ್ದಾಗ ಕಂಡಕ್ಟರ್ ಬಾಯಿ ಮೇಲೆ ಕೈ ಇಟ್ಟುಕೊಂಡ.

ವಿರಾಮದಲ್ಲಿ ಟೈಲರ್ ನನ್ನ ಹತ್ತಿರ ಬಂದ. "ಅತ್ತಿಗೆ, ಚಿಕ್ಕಪ್ಪನಿಗೆ ಕೇಳಿಸಲ್ವಾ?"

ಅವನ ತುಟಿ ನೋಡಿಯೇ ತಿಳಿದುಕೊಂಡ ಮಾವ ಅವನ ಭುಜ ಹಿಡಿದು ತಿರುಗಿಸಿದರು. "ನನ್ನನ್ನೇ ಕೇಳೋ. ಅವಳನ್ನ ಯಾಕೆ ಕೇಳ್ತೀಯ? ಕೇಳಿಸಲ್ಲ. ಪರೀಕ್ಷೆ ಮಾಡಿದ ದಿನ ಇವಳ ಮುಖ ನೋಡಿದಾಗಲೇ ಗೊತ್ತಾಯ್ತು." ಡ್ರಮ್ಮಿನ ಪಟ್ಟಿಯನ್ನು ಹೆಗಲಿಂದ ತೆಗೆದು ಅವನ ಮುಂದೆ ಹಿಡಿದರು. "ಬೇರೆಯವರಿಗೆ ಕೊಡೋದಾದ್ರೆ ಈಗಲೇ ತಗೋ. ಮನೆಗೆ ಬಂದು ಹೇಳೋದು ಬೇಡ."

ಟೈಲರ್ ಪಟ್ಟಿಯ ಮೇಲೆ ಕೈಯಿಟ್ಟ. ಹಾಗೇ ಇಟ್ಟುಕೊಂಡು ನನ್ನನ್ನು ನೋಡಿದ. "ನೀವು ಪ್ರತಿ ಮ್ಯಾಚಿಗೂ ಬರ್ತೀರಾ?"

ಈ ಮೈದಾನಕ್ಕೆ ಕಾಲಿಡಲು ನನಗೆ ಇಷ್ಟವಿರಲಿಲ್ಲ. ಇಲ್ಲಿಯ ಪ್ರತಿ ಮೆಟ್ಟಿಲ ಮೇಲೂ ನನ್ನ ಗಂಡ ನಿಂತಿದ್ದ. ಮಾವ ನನ್ನ ತುಟಿಗಳನ್ನೇ ನೋಡುತ್ತಿದ್ದರು.

"ಬರ್ತೀನಿ," ಎಂದೆ.

"ಒಂದು ಡ್ರಮ್ಮಿಗೆ ಎರಡು ಟಿಕೆಟ್ಟು," ಎಂದ ಕಂಡಕ್ಟರ್. ಟೈಲರ್ ಪಟ್ಟಿಯನ್ನು ಮತ್ತೆ ಮಾವನ ಹೆಗಲಿಗೆ ಹಾಕಿದ.

ಎರಡನೆಯ ಅರ್ಧದಲ್ಲಿ ಹೊಳೆಯಾಚೆಯವರು ಬುದ್ಧಿ ಕಲಿತಿದ್ದರು. ನಮ್ಮ ಪ್ರಶ್ನೆ ಮುಗಿಯುವುದನ್ನೇ ಕಾದು, ಉತ್ತರ ಬರುವ ಹೊತ್ತಿಗೆ ಸಾವಿರ ಸೀಟಿ ಊದಿದರು. ಎದುರು ಗ್ಯಾಲರಿಯಲ್ಲಿ ಬಾಯಿಗಳು ಆಡುವುದು ಕಾಣುತ್ತಿತ್ತು, ನನಗೂ ಏನೂ ಕೇಳಿಸಲಿಲ್ಲ. ಇಷ್ಟಕ್ಕೆ ಮುಗಿದಿರಬೇಕು ಎಂದು ಅಂದಾಜು ಮಾಡಿ, "ಮುಗೀತು," ಎಂದೆ. ಮುಗಿದಿರಲಿಲ್ಲ. ಡ್ರಮ್ಮು ಉತ್ತರದ ನಡುವೆ ಬಿತ್ತು, ನಮ್ಮವರ ಪ್ರಶ್ನೆ ಅದರ ಮೇಲೆ ಬಿತ್ತು, ಹಾಡು ಮಗುಚಿಕೊಂಡಿತು. ಸೀಟಿಯವರು ಕುಣಿದರು.

ಮಾವ ನನ್ನ ಕಡೆ ಬಗ್ಗಿದರು.

"ತಪ್ಪಿತಾ?"

"ತಪ್ಪಿತು ಮಾವ. ನನ್ನದೇ ತಪ್ಪು."

"ಸರಿ. ಮೊದಲಿಂದ ಶುರು ಮಾಡೋಣ," ಎಂದು ಅವರು ಕೋಲು ಎತ್ತಿದರು. ನಾನು ಸೀಟಿಗಳ ಕಡೆಯ ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡು, ಇನ್ನೊಂದನ್ನು ಎದುರು ಗ್ಯಾಲರಿಗೆ ಕೊಟ್ಟು ನಿಂತೆ.